ಅಪರೂಪದ ಭೂಕಂಪವೂ ಎತ್ತರದ ಕಟ್ಟಡಗಳೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ಹಳೆಯ ನೆನಪುಗಳನ್ನು ಕುರಿತೇ ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಹಿರಿಯರೂ ಹಳೆಯ ವಿದ್ಯಾರ್ಥಿಗಳೂ ಅನೇಕರಿದ್ದಾರೆ. 1975ರಿಂದ 2009ರವರೆಗೆ ಈ ಶಾಲೆಯಲ್ಲಿ ಪಾಠ ಹೇಳಿದ ನನ್ನ ಮೇಲೆ ಬೇರೊಂದು ಋಣವಿದೆ. ಅದು, ನಾನು ತಪ್ಪಾಗಿ ಹೇಳಿಕೊಟ್ಟ ಒಂದು ಪಾಠವನ್ನು ತಿದ್ದುವ ಋಣ. ಅದನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಒದಗಲಾರದು.

ಏಳನೆಯ ತರಗತಿಗೆ ಭೂಗೋಲ ಹೇಳುವಾಗ ನಾನು ಪ್ರತಿ ವರ್ಷವೂ ಗೋಡೆಗೆ ಭಾರತದ ನಕ್ಷೆಯನ್ನು ತೂಗುಹಾಕಿ, ಹಿಮಾಲಯ, ಅಸ್ಸಾಂ, ಕಚ್ಛ್ ಇವುಗಳನ್ನು ಕೋಲಿನಿಂದ ತೋರಿಸಿ, ಇವು ಭೂಕಂಪದ ಸೀಮೆಗಳೆಂದು ಹೇಳುತ್ತಿದ್ದೆ. ಬಳಿಕ ದಖ್ಖನಿನ ಮೇಲೆ ಅಂಗೈಯಿಟ್ಟು, “ನಮ್ಮದು ಗಟ್ಟಿ ಕಪ್ಪು ಕಲ್ಲಿನ ನೆಲ. ಇಲ್ಲಿ ಆ ಭಯವಿಲ್ಲ” ಎಂದು ಮುಗಿಸುತ್ತಿದ್ದೆ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಮೆಟ್ರಿಕ್ ಪರೀಕ್ಷೆಗೆಂದು ಕಂದೀಲಿನ ಮುಂದೆ ಓದುತ್ತ ಕುಳಿತಿದ್ದಾಗ ಕಂದೀಲು ತಾನಾಗಿಯೇ ತೂಗಿದುದನ್ನು ನಾನು ಕಣ್ಣಾರೆ ಕಂಡವನು. ಅದು ಕೊಯ್ನಾ ಭೂಕಂಪ. ಆದರೆ ಅದು ಅಣೆಕಟ್ಟಿನಲ್ಲಿ ನಿಂತ ನೀರಿನ ಪರಿಣಾಮ, ನಮಗೆ ಸಂಬಂಧವಿಲ್ಲದುದು ಎಂದು ಎಲ್ಲರಂತೆ ನಾನೂ ಸಮಾಧಾನ ಮಾಡಿಕೊಂಡಿದ್ದೆ.

1993ರ ಸೆಪ್ಟೆಂಬರ್ 30ರಂದು ಆ ಸಮಾಧಾನ ಮುರಿಯಿತು. ಹಿಂದಿನ ದಿನ ಗಣಪತಿ ವಿಸರ್ಜನೆಯಾಗಿತ್ತು. ಮೆರವಣಿಗೆಯಲ್ಲಿ ದಣಿದ ಜನ ಗಾಢ ನಿದ್ರೆಯಲ್ಲಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ ಜಿಲ್ಲೆಯ ಕಿಲ್ಲಾರಿಯ ಬಳಿ ಭೂಮಿ ಅದುರಿತು. ನಮ್ಮ ಅಕ್ಕಲಕೋಟೆಗೆ ಅದು ಸುಮಾರು 70 ಕಿ.ಮೀ. ದೂರ. ಇಲ್ಲಿ ನಾವೆಲ್ಲ ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆವು. ಪಾತ್ರೆಗಳು ಉರುಳಿದವು, ಗೋಡೆಗಳು ಬಿರುಕು ಬಿಟ್ಟವು. ಅಲ್ಲಿ, ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳ ಹಳ್ಳಿಗಳಲ್ಲಿ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೂ ಅವುಗಳ ಮೇಲಿನ ಮಾಳಿಗೆಯ ಮಣ್ಣೂ ಮಲಗಿದ್ದವರ ಮೇಲೆ ಕುಸಿದವು. ಸಾವಿರಾರು ಜನ ಸತ್ತರು. ಊರೂರುಗಳಿಂದ ಕಟಕ ರೊಟ್ಟಿಯ ಗಂಟುಗಳು ಹೋದವು. ನಮ್ಮ ಶಾಲೆಯ ಶಿಕ್ಷಕರೂ ಹೋದೆವು. ಅಲ್ಲಿ ಕಂಡುದನ್ನು ಇಲ್ಲಿ ಬರೆಯಲಾರೆ.

ಶಾಲೆ ಮತ್ತೆ ಆರಂಭವಾದ ಕೆಲವು ದಿನಗಳಿಗೆ ಏಳನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಗುರೂಜಿ, ನಮ್ಮ ಕಡೆ ಭೂಕಂಪ ಆಗೂದಿಲ್ಲ ಅಂತ ನೀವ ಹೇಳಿದ್ರೆಲ್ರಿ?” ಎಂದು ಕೇಳಿದನು. ಅವನ ತಾಯಿಯ ತವರು ಸಾಸ್ತೂರ. ಅವನ ಆಯಿ ಆ ಮನೆಯೊಳಗೇ ಉಳಿದಿದ್ದಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಉತ್ತರ ಬೇಕಾಗಿತ್ತು. ನನ್ನ ಬಳಿ ಉತ್ತರವಿರಲಿಲ್ಲ. “ಕೂಡು, ತಮ್ಮಾ” ಎಂದಷ್ಟೇ ಹೇಳಿದೆ.

ಈಗೇಕೆ ಈ ಮಾತು ಎಂದು ನೀವು ಕೇಳಬಹುದು. ಆಗ ನಮ್ಮ ಊರಿನಲ್ಲಿ ಎರಡು ಅಂತಸ್ತಿನ ಮನೆಗಳೇ ವಿರಳವಾಗಿದ್ದವು. ಈಗ ನಮ್ಮ ಶಾಲೆಯ ನೂರಾರು ಮಕ್ಕಳು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಲ್ಲಿ ಹತ್ತನೆಯ, ಇಪ್ಪತ್ತನೆಯ ಅಂತಸ್ತುಗಳಲ್ಲಿ ಸಂಸಾರ ಹೂಡಿದ್ದಾರೆ. ಬೆಂಗಳೂರಿನಲ್ಲಿ ನನ್ನ ಮಗನ ಮನೆ ಹದಿನಾಲ್ಕನೆಯ ಅಂತಸ್ತಿನಲ್ಲಿದೆ. ಕಳೆದ ಬಾರಿ ಅಲ್ಲಿಗೆ ಹೋಗಿದ್ದಾಗ ನೆರೆಮನೆಯ ಸದ್ಗೃಹಸ್ಥರೊಬ್ಬರನ್ನು ಭೂಕಂಪದ ವಿಷಯ ಕೇಳಿದೆ. “ಇಲ್ಲೆಲ್ಲ ಅದು ಆಗೋದಿಲ್ಲ ಬಿಡಿ ಸಾರ್, ನಮ್ಮದು ಗಟ್ಟಿ ಕಲ್ಲಿನ ನೆಲ” ಎಂದು ಅವರು ನಕ್ಕರು. ಮೂವತ್ತು ವರ್ಷಗಳ ಹಿಂದಿನ ನನ್ನದೇ ವಾಕ್ಯ ನನ್ನ ಕಿವಿಗೆ ಮರಳಿ ಬಿದ್ದಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಎಂಜಿನಿಯರನಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಶಿಕ್ಷಕ ತರಬೇತಿ ಪಡೆದವನು. ಹೈದರಾಬಾದಿನಲ್ಲಿ ಕಟ್ಟಡಗಳ ವಿನ್ಯಾಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತಾಳ್ಮೆಯಿಂದ ವಿವರಿಸಿದುದನ್ನು, ಓದಿ ತಿಳಿದುದರೊಡನೆ ಸೇರಿಸಿ, ನನಗೆ ಅರ್ಥವಾದ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ಗಟ್ಟಿ ನೆಲವೂ ನಡುಗುವುದೇಕೆ?

ಭಾರತದ ಭೂಖಂಡವು ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಉತ್ತರಕ್ಕೆ ಸರಿಯುತ್ತ ಏಷ್ಯಾದ ಭೂಖಂಡವನ್ನು ಒತ್ತುತ್ತಿದೆ. ಒತ್ತುವ ಅಂಚಿನಲ್ಲಿ ಹಿಮಾಲಯವಿದೆ. ಆದುದರಿಂದ ಅಲ್ಲಿ ಭೂಕಂಪಗಳು ಹೆಚ್ಚು. ಆದರೆ ಹಲಗೆಯ ಒಂದು ತುದಿಯನ್ನು ಗೋಡೆಗೆ ಒತ್ತಿದರೆ ಬಿಗಿತವು ಹಲಗೆಯ ಉದ್ದಕ್ಕೂ ಹರಡುತ್ತದೆ. ನಡುವೆ ಎಲ್ಲಿಯಾದರೂ ಹಳೆಯ ಸೀಳಿದ್ದರೆ ಅದು ಒಂದು ದಿನ ಅಲ್ಲಿಯೂ ಜರುಗಬಹುದು. ದಖ್ಖನಿನಲ್ಲಿ ಅಂತಹ ಸೀಳುಗಳು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನ ಲಾವಾರಸದ ಕಪ್ಪು ಕಲ್ಲಿನ ಹೊದಿಕೆಯ ಅಡಿಯಲ್ಲಿ ಹುದುಗಿವೆ. ನಮ್ಮ ಕಣ್ಣಿಗೆ ಕಾಣುವುದು ಹೊದಿಕೆ ಮಾತ್ರ. ಇಂತಹ ಸೀಳುಗಳು ಜರುಗುವುದು ನೂರಾರು ಅಥವಾ ಸಾವಿರಾರು ವರ್ಷಗಳಿಗೊಮ್ಮೆ. ಮನುಷ್ಯನ ನೆನಪು ಅಷ್ಟು ಉದ್ದವಿಲ್ಲವಾದುದರಿಂದ, ಅಪರೂಪವಾದುದನ್ನು ನಾವು ಇಲ್ಲವೆಂದು ತಿಳಿಯುತ್ತೇವೆ. ನನ್ನ ಪಾಠದ ತಪ್ಪು ಇದೇ ಆಗಿತ್ತು.

ವಲಯವೆಂದರೆ ಅಭಯವಲ್ಲ

ಕಟ್ಟಡಗಳು ಭೂಕಂಪವನ್ನು ತಾಳುವಂತೆ ವಿನ್ಯಾಸ ಮಾಡಲು ನಮ್ಮ ದೇಶದಲ್ಲಿ ಐ.ಎಸ್. 1893 ಎಂಬ ಸಂಹಿತೆಯಿದೆ. ಅದು ಮೊದಲು ಪ್ರಕಟವಾದುದು 1962ರಲ್ಲಿ. ದೇಶವನ್ನು ವಲಯಗಳಾಗಿ ವಿಂಗಡಿಸಿದ ನಕ್ಷೆಯೂ ಅದರಲ್ಲಿಯೇ ಇರುತ್ತದೆ. 1993ರಲ್ಲಿ ಜಾರಿಯಲ್ಲಿದ್ದ ನಕ್ಷೆಯ ಪ್ರಕಾರ ಕಿಲ್ಲಾರಿಯ ಸೀಮೆ ಇದ್ದುದು ಒಂದನೆಯ ವಲಯದಲ್ಲಿ, ಎಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿ ಎರಡನೆಯದರಲ್ಲಿ ಸೇರಿಸಿದರು. ಕಿಲ್ಲಾರಿಯ ಸೀಮೆಯನ್ನು ಮೂರಕ್ಕೆ ಏರಿಸಿದರು. ಆಗಲೇ ಚೆನ್ನೈ ನಗರವೂ ಎರಡರಿಂದ ಮೂರಕ್ಕೆ ಏರಿತು. ಬೆಂಗಳೂರು, ಹೈದರಾಬಾದುಗಳು 2002ರ ಮತ್ತು 2016ರ ನಕ್ಷೆಗಳಲ್ಲಿ ಎರಡನೆಯ ವಲಯದಲ್ಲಿದ್ದವು. ಪುಣೆ, ಮುಂಬಯಿ, ನಮ್ಮ ಸೊಲ್ಲಾಪುರಗಳು ಮೂರನೆಯದರಲ್ಲಿ.

ಇದರಿಂದ ನಾವು ಕಲಿಯಬೇಕಾದುದೇನು? ನಕ್ಷೆಯು ಭೂಮಿಗೆ ಆಜ್ಞೆ ಮಾಡುವುದಿಲ್ಲ. ಅದು ಅಂದಿನವರೆಗೆ ತಿಳಿದುದರ ಲೆಕ್ಕ. ಹೊಸದೊಂದು ಸಂಭವಿಸಿದಾಗ ನಕ್ಷೆಯನ್ನು ತಿದ್ದುತ್ತಾರೆ; ಆದರೆ ಹಳೆಯ ನಕ್ಷೆಯನ್ನು ನಂಬಿ ಕಟ್ಟಿದ ಮನೆ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಮಾತು ಅನೇಕರಿಗೆ ತಿಳಿದಿಲ್ಲ. ಭಾರೀ ಭೂಕಂಪದಲ್ಲಿ ಕಟ್ಟಡಕ್ಕೆ ಏನೂ ಆಗಬಾರದೆಂದು ಸಂಹಿತೆ ಕೇಳುವುದಿಲ್ಲ. ಸಣ್ಣ ಕಂಪನದಲ್ಲಿ ಹಾನಿಯಾಗಬಾರದು, ಮಧ್ಯಮದಲ್ಲಿ ದುರಸ್ತಿಗೆ ಬರುವಷ್ಟು ಮಾತ್ರ ಹಾನಿಯಾಗಬಹುದು, ಭಾರೀ ಕಂಪನದಲ್ಲಿ ಕಟ್ಟಡ ಕೆಟ್ಟರೂ ಕುಸಿಯಬಾರದು, ಒಳಗಿದ್ದವರು ಜೀವಸಹಿತ ಹೊರಬರಬೇಕು ಎಂಬುದೇ ಅದರ ಧ್ಯೇಯ. ಅದಕ್ಕಾಗಿ ಎಂಜಿನಿಯರನು, ಕಟ್ಟಡ ಸ್ವಲ್ಪವೂ ಕೆಡದಿರಬೇಕಾದರೆ ತಾಳಬೇಕಾದ ಬಲವನ್ನು ಲೆಕ್ಕ ಹಾಕಿ, 2002 ಮತ್ತು 2016ರ ಸಂಹಿತೆಗಳ ಪ್ರಕಾರ, ಸಾಧಾರಣ ಕಾಂಕ್ರೀಟು ಚೌಕಟ್ಟಿಗೆ ಅದನ್ನು 3ರಿಂದಲೂ, ವಿಶೇಷ ರೀತಿಯಲ್ಲಿ ಸರಳು ಕಟ್ಟಿದ ಚೌಕಟ್ಟಿಗೆ 5ರಿಂದಲೂ ಭಾಗಿಸುತ್ತಾನೆ. ಉಳಿದ ಬಲವನ್ನು ಯಾರು ತಾಳಬೇಕು? ಕಟ್ಟಡವು ಮುರಿಯದೆ ಬಾಗಿ, ಬಿರುಕು ಬಿಟ್ಟು, ಆ ಶಕ್ತಿಯನ್ನು ತಾನೇ ನುಂಗಿಕೊಳ್ಳಬೇಕು. ಈ ಬಾಗುವ ಗುಣವಿಲ್ಲದಿದ್ದರೆ ಭಾಗಾಕಾರವೇ ಸುಳ್ಳಾಗುತ್ತದೆ.

ಸೀಮೆಸುಣ್ಣ ಮತ್ತು ತಂತಿ

ಬಾಗುವ ಗುಣವೆಂದರೇನೆಂಬುದನ್ನು ತರಗತಿಯಲ್ಲಿಯೇ ತೋರಿಸಬಹುದು. ಒಂದು ಕೈಯಲ್ಲಿ ಸೀಮೆಸುಣ್ಣದ ತುಂಡನ್ನೂ ಇನ್ನೊಂದರಲ್ಲಿ ಕಬ್ಬಿಣದ ತಂತಿಯನ್ನೂ ಹಿಡಿಯಿರಿ. ಸೀಮೆಸುಣ್ಣ ಮೊದಲು ಗಟ್ಟಿಯಾಗಿಯೇ ನಿಂತು, ಮಿತಿ ಮೀರಿದೊಡನೆ ಫಟ್ಟೆಂದು ಮುರಿಯುತ್ತದೆ. ತಂತಿ ಬಾಗುತ್ತದೆ, ಮತ್ತೆ ಬಾಗುತ್ತದೆ. ಆಕಾರ ಕೆಟ್ಟರೂ ತುಂಡಾಗುವುದಿಲ್ಲ. ಬರಿಯ ಕಾಂಕ್ರೀಟು ಸೀಮೆಸುಣ್ಣದ ಜಾತಿ, ಉಕ್ಕು ತಂತಿಯ ಜಾತಿ. ಇವೆರಡನ್ನೂ ಕೂಡಿಸುವ ರೀತಿಯಲ್ಲಿ ಕಟ್ಟಡದ ಪ್ರಾಣವಿದೆ.

ಕಾಲಂನಲ್ಲಿ ನೆಟ್ಟಗೆ ನಿಲ್ಲುವ ಸರಳುಗಳನ್ನು ಸುತ್ತಲೂ ಬಿಗಿದಿಡುವ ಸಣ್ಣ ಸರಳಿಗೆ ಗೌಂಡಿಗಳು ರಿಂಗು ಎನ್ನುತ್ತಾರೆ. ಭೂಕಂಪದಲ್ಲಿ ಕಾಲಂ ಅತ್ತಿತ್ತ ಎಳೆದಾಡಿದಾಗ ಮೇಲಿನ ಕಾಂಕ್ರೀಟು ಉದುರುತ್ತದೆ. ಒಳಗಿನದು ಉದುರದಂತೆ ಹಿಡಿದಿಡುವುದು ಈ ರಿಂಗು. ರಿಂಗಿನ ತುದಿಗಳನ್ನು 90 ಡಿಗ್ರಿ ಮಾತ್ರ ಬಾಗಿಸಿದ್ದರೆ ಹೊರಗಿನ ಕಾಂಕ್ರೀಟು ಉದುರಿದೊಡನೆ ಅದು ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿ ಬಾಗಿಸಿ ತುದಿಯನ್ನು ಒಳಗಿನ ಕಾಂಕ್ರೀಟಿನಲ್ಲಿ ಹುದುಗಿಸಿದರೆ ಬಿಚ್ಚುವುದಿಲ್ಲ. ಕಾಲಂ ಮತ್ತು ಬೀಮು ಕೂಡುವ ಸ್ಥಳದ ಸಮೀಪ ರಿಂಗುಗಳು ಒಂದಕ್ಕೊಂದು 100 ಮಿ.ಮೀ.ಗಿಂತ ದೂರವಿರಬಾರದು. ಅಲ್ಲದೆ ಬೀಮಿಗಿಂತ ಕಾಲಂ ಬಲವಾಗಿರಬೇಕು. ಬೀಮು ಬಾಗಿದರೆ ಒಂದು ಭಾಗ ಕೆಡುತ್ತದೆ. ಕಾಲಂ ಮುರಿದರೆ ಮೇಲಿನದೆಲ್ಲವೂ ಬೀಳುತ್ತದೆ.

ಈ ನಿಯಮಗಳನ್ನು ಹೇಳುವ ಐ.ಎಸ್. 13920 ಎಂಬ ಸಂಹಿತೆ ಪ್ರಕಟವಾದುದು, ವಿಧಿಯ ವಿಚಿತ್ರವೆಂಬಂತೆ, ಕಿಲ್ಲಾರಿ ನಡುಗಿದ 1993ನೇ ಇಸವಿಯಲ್ಲಿಯೇ. ಆದರೆ ಅದು ಹೆಚ್ಚು ಅಪಾಯದ ವಲಯಗಳನ್ನು ಉದ್ದೇಶಿಸಿದ್ದಾಗಿತ್ತು. ಎರಡನೆಯ ವಲಯದಲ್ಲಿ ಕಡ್ಡಾಯವಾಗಿರಲಿಲ್ಲ. ಆದುದರಿಂದ ಕಡಿಮೆ ಅಪಾಯದ ಊರುಗಳಲ್ಲಿ ಕಾನೂನನ್ನು ಮೀರದೆಯೂ ಸೀಮೆಸುಣ್ಣದ ಗುಣದ ಕಟ್ಟಡಗಳು ಏಳುವುದು ಸಾಧ್ಯವಾಯಿತು.

ಗಾಳಿಯೇ ಬೇರೆ, ಭೂಕಂಪವೇ ಬೇರೆ

“ಇಪ್ಪತ್ತು ಅಂತಸ್ತಿನ ಕಟ್ಟಡ ಬಿರುಗಾಳಿಯನ್ನೇ ತಾಳುವಂತೆ ಕಟ್ಟಿದ್ದಾರೆ, ಸಣ್ಣ ಭೂಕಂಪ ಯಾವ ಲೆಕ್ಕ?” ಎಂಬ ಮಾತನ್ನೂ ಕೇಳಿದ್ದೇನೆ. ಕಡಿಮೆ ಅಪಾಯದ ವಲಯದಲ್ಲಿ ಲೆಕ್ಕ ಹಾಕಿದಾಗ ಎತ್ತರದ ಕಟ್ಟಡದ ಮೇಲೆ ಗಾಳಿಯ ಬಲವೇ ಹೆಚ್ಚಾಗಿ ಬರುವುದುಂಟು. ಗಾಳಿಗೆ ಸಾಲುವುದು ಭೂಕಂಪಕ್ಕೂ ಸಾಲುತ್ತದೆಂದು ಆಗ ಭ್ರಮೆಯಾಗುವುದು ಸಹಜ.

ಆದರೆ ಇವೆರಡರ ರೀತಿ ಬೇರೆ. ಗಾಳಿಯು ಹೊರಗಿನಿಂದ ಕಟ್ಟಡದ ಮೈಯನ್ನು ನೂಕುತ್ತದೆ. ಭೂಕಂಪವು ಕಾಲ ಕೆಳಗಿನ ನೆಲವನ್ನೇ ಎಳೆಯುತ್ತದೆ. ಎಸ್.ಟಿ. ಬಸ್ಸಿನಲ್ಲಿ ನಿಂತಿರುವಾಗ ಚಾಲಕನು ಥಟ್ಟನೆ ಬ್ರೇಕು ಹಾಕಿದರೆ ನಮ್ಮನ್ನು ಯಾರೂ ನೂಕದಿದ್ದರೂ ಮುಗ್ಗರಿಸುತ್ತೇವೆ. ಕಟ್ಟಡದ ಪಾಡೂ ಅದೇ. ತೂಕ ಹೆಚ್ಚಿದಷ್ಟೂ ಬಲ ಹೆಚ್ಚು. ಗಾಳಿಯ ಬಲಕ್ಕೆ ಕಟ್ಟಡವು ಕೆಡದೆ ನಿಲ್ಲುವಂತೆ ಲೆಕ್ಕ ಹಾಕಿರುತ್ತಾರೆ. ಭಾರೀ ಭೂಕಂಪದಲ್ಲಿ ಅದು ಕೆಟ್ಟೂ ನಿಲ್ಲಬೇಕು. ಗಾಳಿಗೆ ಸಾಕಾದ ಬಲವಿದ್ದು ಬಾಗುವ ಗುಣವಿಲ್ಲದಿದ್ದರೆ, ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿನ ಕಂಪನ ಬಂದ ದಿನ ಆ ಕಟ್ಟಡ ಎಚ್ಚರಿಕೆ ಕೊಡದೆ ಮುರಿಯಬಹುದು. ಗಟ್ಟಿತನ ಒಂದು ಗುಣ, ತಾಳಿಕೆ ಇನ್ನೊಂದು ಗುಣ.

ಜೋಕಾಲಿಯ ಪಾಠ

ನಾಗರ ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಗಿಡ್ಡ ಹಗ್ಗದ ಜೋಕಾಲಿ ಬೇಗ ಬೇಗನೆ ತೂಗುತ್ತದೆ, ಉದ್ದ ಹಗ್ಗದ್ದು ನಿಧಾನವಾಗಿ. ಕಟ್ಟಡಗಳೂ ಹಾಗೆಯೇ. ಅಂತಸ್ತಿಗೆ ಸೆಕೆಂಡಿನ ಹತ್ತನೆಯ ಒಂದು ಪಾಲೆಂಬುದು ಒಂದು ಸ್ಥೂಲ ಲೆಕ್ಕ. ಮೂರು ಅಂತಸ್ತಿನದು ಒಮ್ಮೆ ತೂಗಲು ಸೆಕೆಂಡಿನ ಮೂರನೆಯ ಒಂದು ಪಾಲು ಸಾಕು. ಇಪ್ಪತ್ತು ಅಂತಸ್ತಿನದಕ್ಕೆ ಸುಮಾರು ಎರಡು ಸೆಕೆಂಡು ಬೇಕು. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ಹುಡುಗನೂ ಅದನ್ನು ಮುಗಿಲಿಗೆ ಏರಿಸಬಲ್ಲನು.

ಊರ ಜಾತ್ರೆಯ ವಾದ್ಯಗಳಲ್ಲಿ ತಾಳದ ಸದ್ದು ಊರೊಳಗೇ ಅಡಗುತ್ತದೆ. ಡೊಳ್ಳಿನ ದನಿ ಹರದಾರಿ ಆಚೆಗೂ ಕೇಳುತ್ತದೆ. ಭೂಕಂಪದ ಅಲೆಗಳೂ ಅಂತೆಯೇ. ಬೇಗ ಅದುರುವ ಅಲೆಗಳು ದಾರಿಯಲ್ಲಿ ಸೊರಗುತ್ತವೆ. ನಿಧಾನವಾಗಿ ತೂಗುವ ಅಲೆಗಳು ನೂರಾರು ಕಿ.ಮೀ. ಸಾಗುತ್ತವೆ. ಆದುದರಿಂದ ಸಮೀಪದ ಭೂಕಂಪ ಗಿಡ್ಡ ಮನೆಗಳನ್ನು ಹೆಚ್ಚು ಪೀಡಿಸುತ್ತದೆ. ದೂರದ ದೊಡ್ಡ ಭೂಕಂಪವು ಗಿಡ್ಡ ಮನೆಯಲ್ಲಿರುವವನಿಗೆ ತಿಳಿಯದೆ ಹೋಗಿ, ಎತ್ತರದ ಕಟ್ಟಡವನ್ನು ತೂಗಾಡಿಸಬಹುದು. ಕೆಳಗೆ ಮೆತ್ತನೆಯ ಮಣ್ಣಿದ್ದರೆ ಅದು ಆ ಅಲೆಗಳನ್ನು ಇನ್ನಷ್ಟು ಹಿಗ್ಗಿಸುತ್ತದೆ.

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ನಗರದಲ್ಲಿ ಆದುದು ಇದೇ. ಭೂಕಂಪದ ಮೂಲವಿದ್ದುದು 350 ಕಿ.ಮೀ.ಗಳಾಚೆ, ಪೆಸಿಫಿಕ್ ಕರಾವಳಿಯಲ್ಲಿ. ನಗರದ ಬಹುಭಾಗ ಹಳೆಯ ಸರೋವರವೊಂದರ ಮೆತ್ತನೆಯ ಮಣ್ಣಿನ ಮೇಲಿದೆ. ಆ ಮಣ್ಣು ಎರಡು ಸೆಕೆಂಡಿಗೊಮ್ಮೆ ತೂಗಿತು. ಅದರ ಲಯಕ್ಕೆ ಸಮೀಪವಾದ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳು ಹೆಚ್ಚಾಗಿ ಕೆಟ್ಟವು. ಅದೇ ನಗರದ ನಡುವೆ, 1956ರಲ್ಲಿ ಮುಗಿದ 44 ಅಂತಸ್ತಿನ ಲ್ಯಾಟಿನೋಅಮೆರಿಕಾನಾ ಗೋಪುರ ಸುರಕ್ಷಿತವಾಗಿ ನಿಂತಿತು. ಮಣ್ಣನ್ನೂ ಭೂಕಂಪವನ್ನೂ ಮೊದಲೇ ಅರಿತು ಅದನ್ನು ಕಟ್ಟಿದ್ದರು. ಎತ್ತರವೇ ಅಪಾಯವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮೆಕ್ಸಿಕೊ ಭೂಕಂಪಗಳಿಗೆ ಹೆಸರಾದ ದೇಶ. ಬ್ಯಾಂಕಾಕ್ ಹಾಗಲ್ಲ, ಅಲ್ಲಿನ ಜನ ಭೂಕಂಪವನ್ನು ಬಲ್ಲವರೇ ಅಲ್ಲ. 2025ರ ಮಾರ್ಚ್ 28ರಂದು ಮ್ಯಾನ್ಮಾರಿನ ಮಾಂಡಲೆಯ ಬಳಿ 7.7 ಪ್ರಮಾಣದ ಭೂಕಂಪವಾಯಿತು. ಸುಮಾರು ಸಾವಿರ ಕಿ.ಮೀ. ದೂರದ ಬ್ಯಾಂಕಾಕ್ ನಗರದ ಮೆತ್ತನೆಯ ಜೇಡಿಮಣ್ಣಿನ ಮೇಲೆ ಗಗನಚುಂಬಿ ಕಟ್ಟಡಗಳು ತೂಗಾಡಿದವು. ಮೇಲಂತಸ್ತಿನ ಈಜುಕೊಳಗಳ ನೀರು ಬೀದಿಗೆ ಚೆಲ್ಲಿತು. ಕಟ್ಟುತ್ತಿದ್ದ, ಮೂವತ್ತರಷ್ಟು ಅಂತಸ್ತುಗಳ ಸರಕಾರಿ ಕಟ್ಟಡವೊಂದು ಕೆಲವೇ ಕ್ಷಣಗಳಲ್ಲಿ ನೆಲಸಮವಾಗಿ ಹತ್ತಾರು ಕೆಲಸಗಾರರು ಸತ್ತರು. ಉಳಿದ ನೂರಾರು ಎತ್ತರದ ಕಟ್ಟಡಗಳು ನಿಂತವು. ಕುಸಿದ ಆ ಒಂದರ ವಿನ್ಯಾಸ ಮತ್ತು ನಿರ್ಮಾಣದ ದೋಷಗಳತ್ತ ತನಿಖೆ ಬೊಟ್ಟು ಮಾಡಿತು.

ಬೆಂಗಳೂರಿನಲ್ಲಿಯೂ ಎಲ್ಲವೂ ಗಟ್ಟಿ ಕಲ್ಲಿನ ನೆಲವಲ್ಲ. ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಲ್ಲಿ. ಊರು ಬೆಳೆದಂತೆ ಮುಚ್ಚಿದ ಕೆರೆಗಳು ಇನ್ನೂ ಎಷ್ಟೋ. ಕೆರೆಯನ್ನು ಮುಚ್ಚಿದ ಮಣ್ಣು ಕಲ್ಲಾಗುವುದಿಲ್ಲ.

ಮೊಣಕಾಲಿನ ದೌರ್ಬಲ್ಯ

2001ರ ಜನವರಿ 26ರಂದು ಭುಜ್ ಭೂಕಂಪವಾದಾಗ ಇನ್ನೂರು ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದು ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅಹಮದಾಬಾದು ಅತಿ ಅಪಾಯದ ವಲಯವಲ್ಲ. ನಮ್ಮ ಸೊಲ್ಲಾಪುರ ಈಚೆಗೆ ಸೇರಿದ ಮೂರನೆಯ ವಲಯವೇ. ಕುಸಿದವುಗಳಲ್ಲಿ ಹೆಚ್ಚಿನವಕ್ಕೆ ಒಂದು ಸಾಮಾನ್ಯ ಲಕ್ಷಣವಿತ್ತು. ಮೇಲಿನ ಅಂತಸ್ತುಗಳಲ್ಲಿ ಮನೆಗಳು, ಇಟ್ಟಿಗೆ ಗೋಡೆಗಳು. ನೆಲ ಅಂತಸ್ತಿನಲ್ಲಿ ವಾಹನ ನಿಲ್ಲಿಸಲೆಂದು ಗೋಡೆಯೇ ಇಲ್ಲದೆ ಬರಿಯ ಕಾಲಂಗಳು.

ಮೊಣಕಾಲಿನಲ್ಲಿ ಬಲವಿಲ್ಲದವನು ಜೋಳದ ಚೀಲವನ್ನು ಹೊತ್ತು ನಿಂತಂತೆ ಇದು. ನೂಕಿದೊಡನೆ ಸೊಂಟವಾಗಲಿ ಬೆನ್ನಾಗಲಿ ಬಾಗುವುದಿಲ್ಲ, ಮೊಣಕಾಲು ಕುಸಿಯುತ್ತದೆ. ಮೇಲಿನ ಅಂತಸ್ತುಗಳು ಗೋಡೆಗಳಿಂದ ಬಿಗಿಯಾಗಿ ಒಂದೇ ಗಂಟಿನಂತೆ ಚಲಿಸುತ್ತವೆ. ಎಲ್ಲ ಎಳೆದಾಟವೂ ನೆಲ ಅಂತಸ್ತಿನ ಕಾಲಂಗಳ ಮೇಲೆ ಬೀಳುತ್ತದೆ. ಇದನ್ನರಿತು 2002ರ ಸಂಹಿತೆಯು, ಇಂತಹ ಅಂತಸ್ತಿನ ಕಾಲಂ ಮತ್ತು ಬೀಮುಗಳನ್ನು ಸಾಮಾನ್ಯ ಲೆಕ್ಕದ ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಬೇಕೆಂದು ವಿಧಿಸಿತು. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ತಳಪಾಯದಿಂದ ಮೇಲಿನ ತುದಿಯವರೆಗೆ ಎಲ್ಲಿಯೂ ಕಡಿಯದೆ ಹೋಗುವ ಕಾಂಕ್ರೀಟಿನ ಗೋಡೆಗಳು. ಅವನ್ನು ಶಿಯರ್ ಗೋಡೆಗಳೆನ್ನುತ್ತಾರೆ. ಅವು ಕಟ್ಟಡದ ಎರಡೂ ದಿಕ್ಕುಗಳಲ್ಲಿ ಸಮತೋಲವಾಗಿ ಇರಬೇಕು. ಎಲ್ಲವನ್ನೂ ಒಂದು ಮೂಲೆಯ ಲಿಫ್ಟಿನ ಸುತ್ತ ಕೂಡಿಸಿದರೆ, ಒಂದು ಕಡೆ ಹಿಡಿದ ಬಾಗಿಲಿನಂತೆ ಕಟ್ಟಡ ತಿರುಚಿಕೊಳ್ಳುತ್ತದೆ.

ಚೌಕಟ್ಟಿನ ಮಹತ್ವವನ್ನು ನಮ್ಮ ಹಿರಿಯರೂ ಬಲ್ಲವರಾಗಿದ್ದರು. ಕಿಲ್ಲಾರಿ ಸೀಮೆಯಲ್ಲಿ ಕಟ್ಟಿಗೆಯ ಕಂಬ, ತೊಲೆಗಳ ಖಣದ ಮನೆಗಳು ಕೆಲವೆಡೆ ಗೋಡೆ ಹೊರಗೆ ಉರುಳಿದರೂ ನಿಂತೇ ಇದ್ದುದನ್ನು ನಾನು ಕಂಡೆ. ಕೊಂದದ್ದು ಭೂಮಿಯಲ್ಲ, ಒಂದಕ್ಕೊಂದು ಕಟ್ಟಿಕೊಳ್ಳದ ಭಾರ.

ಮನೆ ಕೊಳ್ಳುವವರು ಕೇಳಬೇಕಾದುದು

ಮದುವೆಯ ಮಾತುಕತೆಯಲ್ಲಿ ಹತ್ತು ಕಡೆ ವಿಚಾರಿಸುವ ನಾವು, ಆಯುಷ್ಯದ ಗಳಿಕೆಯನ್ನು ಸುರಿದು ಮನೆ ಕೊಳ್ಳುವಾಗ ಹಾಸುಗಲ್ಲಿನ ಬಣ್ಣವನ್ನು ನೋಡಿ ಒಪ್ಪಿಬಿಡುತ್ತೇವೆ. ನನ್ನ ವಿದ್ಯಾರ್ಥಿಗಳು ಇಷ್ಟನ್ನಾದರೂ ಕೇಳಬೇಕು. ನೆಲದ ಮಣ್ಣನ್ನು ಪರೀಕ್ಷಿಸಿದ ವರದಿ ಇದೆಯೇ? ಆ ಜಾಗ ಮೊದಲು ಕೆರೆಯೋ ಹಳ್ಳವೋ ಆಗಿತ್ತೇ? ಕಟ್ಟಡದ ಬಲದ ವಿನ್ಯಾಸ ಮಾಡಿದ ಎಂಜಿನಿಯರ್ ಯಾರು, ಅದನ್ನು ಇನ್ನೊಬ್ಬ ತಜ್ಞರು ಪರಿಶೀಲಿಸಿದ್ದಾರೆಯೇ? ಸರಳನ್ನು ಐ.ಎಸ್. 13920ರಂತೆ ಕಟ್ಟಿದ್ದಾರೆಯೇ? 50 ಮೀಟರಿಗಿಂತ ಎತ್ತರವಾದ ಕಾಂಕ್ರೀಟು ಕಟ್ಟಡವಾಗಿದ್ದರೆ, 2017ರಲ್ಲಿ ಮೊದಲು ಪ್ರಕಟವಾದ ಐ.ಎಸ್. 16700 ಸಂಹಿತೆಯನ್ನು ಪಾಲಿಸಿದ್ದಾರೆಯೇ? ಮೇಲಿನ ಕಾಲಂಗಳೆಲ್ಲ ತಳಪಾಯದವರೆಗೆ ಇಳಿದಿವೆಯೇ, ಅಥವಾ ಕೆಲವು ನಡುವೆ ಬೀಮಿನ ಮೇಲೆ ನಿಂತಿವೆಯೇ? ಉತ್ತರ ಕೊಡಲು ಹಿಂಜರಿಯುವವನಿಂದ ಮನೆ ಕೊಳ್ಳಲು ನೀವೂ ಹಿಂಜರಿಯಿರಿ.

ಕೊಂಡ ಮೇಲೆ ಒಳಗಿನ ಕಾಲಂ, ಬೀಮುಗಳನ್ನು ಕೊರೆಯಬೇಡಿ. ಎಂಜಿನಿಯರನನ್ನು ಕೇಳದೆ ಗೋಡೆ ತೆಗೆಯಬೇಡಿ. ಮಹಡಿಯ ಮೇಲೆ ಲೆಕ್ಕದಲ್ಲಿಲ್ಲದ ನೀರಿನ ತೊಟ್ಟಿಯನ್ನು ಏರಿಸಬೇಡಿ. ಹಳೆಯ ಕಟ್ಟಡದಲ್ಲಿ ದೋಷವಿದ್ದರೆ ಕಾಲಂಗಳಿಗೆ ಕವಚ ತೊಡಿಸಿ, ನೆಲ ಅಂತಸ್ತಿನಲ್ಲಿ ಹೊಸ ಗೋಡೆಗಳನ್ನು ಸೇರಿಸಿ ಬಲಪಡಿಸುವ ಉಪಾಯಗಳುಂಟು. ಆದರೆ ಮೊದಲೇ ಮಾಡುವುದಕ್ಕಿಂತ ಅದಕ್ಕೆ ಖರ್ಚೂ ಕಷ್ಟವೂ ಹೆಚ್ಚು. ಕಂಪನವಾಗುವಾಗ ಎತ್ತರದ ಕಟ್ಟಡದಲ್ಲಿದ್ದರೆ ಲಿಫ್ಟಿಗೂ ಮೆಟ್ಟಿಲಿಗೂ ಓಡದೆ, ಕಿಟಕಿ ಗಾಜುಗಳಿಂದ ದೂರ ಸರಿದು ಗಟ್ಟಿ ಮೇಜಿನ ಕೆಳಗೆ ತಲೆ ಕಾಪಾಡಿಕೊಳ್ಳಬೇಕು. ನಿಂತ ಮೇಲೆ ಮೆಟ್ಟಿಲಿಳಿದು ಹೊರಬರಬೇಕು.

ನಮ್ಮ ಹೊಸ ಕಟ್ಟಡ

ಅಂದು ನನ್ನನ್ನು ಪ್ರಶ್ನಿಸಿದ ಹುಡುಗ ಈಗ ಪುಣೆಯಲ್ಲಿ ಸರಳು ಕಟ್ಟುವ ಗುತ್ತಿಗೆದಾರನಾಗಿದ್ದಾನೆ. ಕಳೆದ ಜಾತ್ರೆಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದನು. ರಿಂಗಿನ ತುದಿಯನ್ನು ಹೇಗೆ ಬಾಗಿಸಬೇಕೆಂದು ಒಂದು ತಂತಿಯ ತುಂಡಿನಲ್ಲಿ ನನಗೆ ತೋರಿಸಿಕೊಟ್ಟವನು ಅವನೇ. “ನೂರ ಮೂವತ್ತೈದು ಡಿಗ್ರಿ ಬಗ್ಗಸಾಕ ಹೆಚ್ಚಿನ ಕಬ್ಬಿಣ ಏನೂ ಬೇಕಾಗೂದಿಲ್ರಿ ಗುರೂಜಿ, ಬರೇ ಗೇಣಿನೊಳಗಿನ ಮಾತು. ಆದ್ರ ನಿಂತು ನೋಡಾಂವ ಬೇಕ್ರಿ” ಎಂದನು. ಇಷ್ಟು ವರ್ಷಗಳ ಮೇಲೆ ಅವನ ಪ್ರಶ್ನೆಗೆ ಅವನೇ ನನಗೆ ಉತ್ತರ ಕಲಿಸಿದಂತಾಯಿತು. ಭೂಕಂಪವಾಗುವುದೋ ಇಲ್ಲವೋ ಎಂಬುದು ನಾನು ಹೇಳಬೇಕಾದ ಪಾಠವಾಗಿರಲಿಲ್ಲ. ಆದರೆ ಮನೆ ಬೀಳಬಾರದು ಎಂಬುದೇ ಪಾಠ.

ಸುವರ್ಣ ಮಹೋತ್ಸವದ ನೆನಪಿಗಾಗಿ ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ನಮ್ಮ ಶಾಲೆಗೆ ಮೂರು ಅಂತಸ್ತಿನ ಹೊಸ ಕಟ್ಟಡ ಏಳಲಿದೆ. ಅದು ಗಗನಚುಂಬಿಯೇನೂ ಅಲ್ಲ. ಆದರೆ ಅದರ ನಕ್ಷೆಯಲ್ಲಿಯೂ ನೆಲ ಅಂತಸ್ತನ್ನು ಗೋಡೆಗಳಿಲ್ಲದ ಪ್ರಾರ್ಥನಾ ಸಭಾಂಗಣವಾಗಿ ಬಿಟ್ಟಿದೆ. ಮೇಲೆ ಮಕ್ಕಳು ತುಂಬಿದ ತರಗತಿಗಳು, ಕೆಳಗೆ ಬರಿಯ ಕಾಲಂಗಳು. ನಮ್ಮ ಎರೆ ಭೂಮಿಯ ಗುಣವೂ ನಿಮಗೆಲ್ಲ ಗೊತ್ತು. ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿಯಿಷ್ಟೇ: ಆ ನಕ್ಷೆಯನ್ನು ಭೂಕಂಪದ ವಿನ್ಯಾಸ ಬಲ್ಲ ಎಂಜಿನಿಯರರಿಗೆ ಒಮ್ಮೆ ತೋರಿಸಿರಿ. ಸಭಾಂಗಣದ ಎರಡೂ ದಿಕ್ಕುಗಳಲ್ಲಿ ಕೆಲವು ಕಾಂಕ್ರೀಟು ಗೋಡೆಗಳನ್ನು ಸೇರಿಸುವುದು ಅಗತ್ಯವೆಂದು ಅವರು ಹೇಳಿದರೆ, ಅದಕ್ಕಾಗಿ ಮಹಾದ್ವಾರದ ಅಲಂಕಾರವನ್ನು ಬಿಟ್ಟರೂ ಚಿಂತೆಯಿಲ್ಲ. ನನ್ನ ಅಲ್ಪ ದೇಣಿಗೆಯೂ ಆ ಗೋಡೆಗಳಿಗೇ ಸಲ್ಲಲಿ.

ಇನ್ನೊಂದು ಆಸೆಯೂ ಉಂಟು. ಕಾಂಕ್ರೀಟು ಸುರಿಯುವ ಹಿಂದಿನ ದಿನ ಏಳನೆಯ ತರಗತಿಯ ಮಕ್ಕಳನ್ನು ಸಾಲಾಗಿ ಕರೆತಂದು, ಕಟ್ಟಿದ ಸರಳುಗಳನ್ನೂ ರಿಂಗುಗಳನ್ನೂ ಅವರಿಗೆ ತೋರಿಸಬೇಕು. ರಿಂಗುಗಳ ಅಂತರವನ್ನು ಅವರೇ ಪಟ್ಟಿ ಹಿಡಿದು ಅಳೆಯಲಿ. ಮರುದಿನದಿಂದ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ದಿನ ಪಾಠ ಹೇಳಲು ನನ್ನನ್ನು ಕರೆದರೆ, ನಕ್ಷೆಯನ್ನೂ ಒಂದು ಸೀಮೆಸುಣ್ಣವನ್ನೂ ಒಂದು ತುಂಡು ತಂತಿಯನ್ನೂ ತೆಗೆದುಕೊಂಡು ಬರುತ್ತೇನೆ.